ಕೆಪಾಸಿಟರ್ ಉಬ್ಬಿದ ಬೇಸಿಗೆ

ಹೋದ ವಾರ ಕಪನೂರಿನ ಒಂದು ದಾಲ್ ಮಿಲ್ಲಿನ ಆಫೀಸಿಗೆ ಎಸಿ ನೋಡಲು ಹೋಗಿದ್ದೆ. ಹಿಂದಿನ ಗೋಡೆಗೆ ಹಾಕಿದ್ದ ಹೊರಗಿನ ಯೂನಿಟ್ಟಿನ ಮುಚ್ಚಳ ಬಿಚ್ಚುತ್ತಲೇ ಒಳಗಿಂದ ವಾಸನೆ ಬಂತು. ಕೆಪಾಸಿಟರ್ ಒಡೆದು ಅದರೊಳಗಿನ ಎಣ್ಣೆ ಕಾದ ತಗಡಿನ ಮೇಲೆ ಸೋರಿದಾಗ ಬರುವ ವಾಸನೆ, ಹಳೆಯ ಕರಿದ ಎಣ್ಣೆಯಲ್ಲಿ ಪ್ಲಾಸ್ಟಿಕ್ ಸುಟ್ಟ ಹಾಗೆ. ನನ್ನ ಕಸುಬಿನಲ್ಲಿ ಅದು ಹೊಸದಲ್ಲ, ವಾರಕ್ಕೊಮ್ಮೆಯಾದರೂ ಮೂಗಿಗೆ ಬೀಳುತ್ತದೆ. ಆದರೆ ಅವತ್ತು ತೊಗರಿ ಹೊಟ್ಟಿನ ಧೂಳು, ನೆತ್ತಿಯ ಮೇಲಿನ ಬಿಸಿಲು, ಮುಟ್ಟಲಾಗದಂತೆ ಕಾದ ಕಬ್ಬಿಣದ ಏಣಿ ಎಲ್ಲ ಒಟ್ಟಿಗೆ ಕೂಡಿದ್ದಕ್ಕೋ ಏನೋ, ಕೈ ಅಲ್ಲೇ ನಿಂತಿತು. ಕಮಲಾಪುರದ ಆ ಮನೆ ಕಣ್ಣ ಮುಂದೆ ಬಂತು. ಮಿಲಿಂದ ಬಿದ್ದ ವರ್ಷ, ನಾನು ಮೊದಲ ಸಲ ಏಣಿ ಹತ್ತಿದ ಬೇಸಿಗೆ.

ಮಿಲಿಂದ ನನ್ನ ಗಂಡ. ಕುಸನೂರಿನ ರಸ್ತೆ ಬದಿಯಲ್ಲಿ ನಮ್ಮದೊಂದು ಸಣ್ಣ ಅಂಗಡಿ. ನಾನು ಐಟಿಐಯಲ್ಲಿ ಎಲೆಕ್ಟ್ರಿಶಿಯನ್ ಕಲಿತವಳು. ಮದುವೆಯಾದ ಮೇಲೆ ಆ ಕಲಿಕೆ ಅಂಗಡಿಯ ಬೆಂಚಿಗೆ ಸೀಮಿತವಾಯಿತು. ಮಿಲಿಂದ ಊರೆಲ್ಲ ತಿರುಗಿ ಎಸಿ ರಿಪೇರಿ ಮಾಡುತ್ತಿದ್ದ, ನಾನು ಅಂಗಡಿಯಲ್ಲಿ ಕುಳಿತು ಫ್ಯಾನು, ಮಿಕ್ಸರು, ಸುಟ್ಟ ಬೋರ್ಡುಗಳನ್ನು ನೋಡುತ್ತಿದ್ದೆ. ಮನೆಯಲ್ಲಿ ಅತ್ತೆ ತಾರಾಬಾಯಿ ಇದ್ದರು. ಹೀಗೆ ನಡೆದಿತ್ತು.

ಆ ವರ್ಷ ಹೋಳಿ ಮುಗಿಯುವುದರೊಳಗೆ ಕಲಬುರಗಿ ಕಾಯಲು ಶುರುವಾಗಿತ್ತು. ಮಿಲಿಂದ ಒಂದು ಮನೆಯ ಮೊದಲ ಮಹಡಿಯ ಕಿಟಕಿ ಸಜ್ಜೆಯ ಮೇಲೆ ನಿಂತು ಹೊರಗಿನ ಯೂನಿಟ್ಟು ಬಿಚ್ಚುತ್ತಿದ್ದ. ಮೇನ್ ಸ್ವಿಚ್ಚು ಬಂದ್ ಮಾಡಿದ್ದ. ಹಾಗಂತ ಕೆಪಾಸಿಟರಿಗೆ ಕೈ ಹಾಕಿದ. ಎಸಿಯ ಕಂಪ್ರೆಸರು ನಿಂತಲ್ಲಿಂದ ತಿರುಗಲು ಒಂದು ನೂಕು ಬೇಕು, ಆ ನೂಕು ಕೊಡುವುದೇ ಈ ಡಬ್ಬಿ. ಅದು ಕರೆಂಟನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಮೇನ್ ಬಂದ್ ಆದ ಮೇಲೂ ಕೆಲವು ಸಲ ಹಿಡಿದುಕೊಂಡೇ ಇರುತ್ತದೆ. ಅದು ಕೊಟ್ಟ ಹೊಡೆತ ದೊಡ್ಡದೇನಲ್ಲ, ನೆಲದ ಮೇಲೆ ನಿಂತಿದ್ದರೆ ಕೈ ಝಾಡಿಸಿ ಬೈದುಕೊಳ್ಳುತ್ತಿದ್ದ. ಸಜ್ಜೆಯ ಮೇಲೆ ಕೈ ಝಾಡಿಸಿದವನು ಕೆಳಗೆ ಬಿದ್ದ. ಬಲಗೈ ಮಣಿಕಟ್ಟು, ಎರಡೂ ಹಿಮ್ಮಡಿ ಮುರಿದವು.

ಆಸ್ಪತ್ರೆಯಲ್ಲಿ ನನ್ನ ಮುಖ ನೋಡಿ ಅವನು ಹೇಳಿದ್ದು ಒಂದೇ ಮಾತು. "ಮೇನ್ ಬಂದ್ ಮಾಡಿದ್ದೆ, ಸುಜಾತಾ. ಖರೆ ಮಾಡಿದ್ದೆ."

ಮನೆಗೆ ಬಂದ ಮೇಲೂ ಫೋನು ಬಡಿದುಕೊಳ್ಳುತ್ತಲೇ ಇತ್ತು. ನಮ್ಮ ಕೆಲಸಕ್ಕೆ ಬೇಸಿಗೆಯೇ ಸುಗ್ಗಿ. ಅವನು ಮಂಚದ ಮೇಲಿಂದ ಎಲ್ಲರಿಗೂ ಆಗುವುದಿಲ್ಲ ಎಂದು ಹೇಳುತ್ತಿದ್ದ. ಒಂದು ಬೆಳಿಗ್ಗೆ ನಾನು ಅವನ ಚೀಲ ಹೆಗಲಿಗೆ ಹಾಕಿಕೊಂಡೆ.

"ನೀ ಎಲ್ಲಿ ಹೊಂಟಿ?"

"ಜೇವರ್ಗಿ ರೋಡಿನ ಮನಿಗೆ. ಅವ್ರದು ಹೊರಗಿನ ಫ್ಯಾನ್ ತಿರಗ್ತದ, ತಣ್ಣಗಾಗವಲ್ದು ಅಂದ್ರು. ಕೆಪಾಸಿಟರೇ ಇರಬೇಕು."

"ಏಣಿ ಹತ್ತಾಕ ಬರ್ತದೇನು ನಿಂಗ?"

"ಹತ್ತಿ ನೋಡ್ತೀನಿ."

ಅವನು ಗೋಡೆಯ ಕಡೆ ಮುಖ ಮಾಡಿದ. ಅತ್ತೆ ಬುತ್ತಿ ಕಟ್ಟಿ ಚೀಲದಲ್ಲಿಟ್ಟರು.

ಹೋಗುವ ಮುಂಚೆ ನಾನು ಒಂದು ಬಲ್ಬಿನ ಹೋಲ್ಡರಿಗೆ ಎರಡು ವೈರು ಜೋಡಿಸಿಕೊಂಡಿದ್ದೆ. ಕೆಪಾಸಿಟರಿನ ಮೂತಿಗಳಿಗೆ ಆ ವೈರು ಹಿಡಿದರೆ ಉಳಿದ ಕರೆಂಟು ಬಲ್ಬಿನಲ್ಲಿ ಇಳಿದುಹೋಗುತ್ತದೆ. ಬಲ್ಬು ಒಮ್ಮೆ ಮಿಣುಕಿ ಆರುತ್ತದೆ. ಕೆಲವು ಸಲ ಮಿಣುಕುವುದೇ ಇಲ್ಲ, ಖಾಲಿ ಇರುತ್ತದೆ. ಅದು ಗೊತ್ತಿದ್ದರೂ ಆ ಬೇಸಿಗೆಯುದ್ದಕ್ಕೂ ನಾನು ಒಂದು ಕೆಪಾಸಿಟರನ್ನೂ ನಂಬಲಿಲ್ಲ. ಬಲ್ಬು ಹಿಡಿದು, ಮತ್ತೊಮ್ಮೆ ಹಿಡಿದು, ಆಮೇಲೆ ಬೆರಳಿನ ಹಿಂಬದಿಯಿಂದ ಮುಟ್ಟುತ್ತಿದ್ದೆ. ಹಿಂಬದಿಯಿಂದ ಮುಟ್ಟಿದರೆ ಕೈ ಮುಷ್ಟಿಯಾಗಿ ಅದನ್ನೇ ಹಿಡಿದುಕೊಳ್ಳುವುದಿಲ್ಲ ಎಂದು ಐಟಿಐಯಲ್ಲಿ ಹೇಳಿಕೊಟ್ಟಿದ್ದರು.

ಮನೆಗಳಲ್ಲಿ ಬಾಗಿಲು ತೆರೆದವರು ನನ್ನ ಹಿಂದೆ ಇಣುಕುತ್ತಿದ್ದರು. "ಮೆಕ್ಯಾನಿಕ್ ಎಲ್ಲದಾರ್ರಿ?" ನಾನೇ ಎಂದರೆ ನನ್ನ ಚೀಲ ನೋಡಿ ಒಳಗೆ ಬಿಡುತ್ತಿದ್ದರು. ಬಿಸಿಲು ಅವರನ್ನೂ ಮೆತ್ತಗೆ ಮಾಡಿತ್ತು. ಏಪ್ರಿಲ್ ಮುಗಿಯುವ ಹೊತ್ತಿಗೆ ಮಧ್ಯಾಹ್ನದ ರಸ್ತೆಗಳಲ್ಲಿ ಆಟೋದವರು ಸಹ ಇರುತ್ತಿರಲಿಲ್ಲ. ಶಹಾಬಾದ ಕಲ್ಲಿನ ಚಾವಣಿಗಳು ಹಂಚಿನ ಹಾಗೆ ಕಾಯುತ್ತಿದ್ದವು. ದುಪಟ್ಟಾ ನೀರಲ್ಲಿ ಅದ್ದಿ ತಲೆಗೆ ಸುತ್ತಿಕೊಂಡು ಹೊರಟರೆ ಮೊದಲ ವೃತ್ತ ದಾಟುವುದರೊಳಗೆ ಒಣಗಿರುತ್ತಿತ್ತು. ಊರಿನ ಎಸಿಗಳೆಲ್ಲ ಒಟ್ಟಿಗೆ ಕೆಟ್ಟ ಹಾಗೆ ಅನಿಸುತ್ತಿತ್ತು, ಮುಚ್ಚಳ ಬಿಚ್ಚಿದರೆ ಅದೇ ಉಬ್ಬಿದ ನೆತ್ತಿಯ ಡಬ್ಬಿ. ಹಳೆಯದು ತೆಗೆದು, ಹೊಸದನ್ನು ಮೀಟರಿನಲ್ಲಿ ಅಳೆದು, ಹಾಕಿ, ಚಾಲೂ ಮಾಡಿ, ತಣ್ಣನೆ ಗಾಳಿ ಬರುವವರೆಗೆ ನಿಂತು ಬರುತ್ತಿದ್ದೆ. ಸಂಜೆ ಮಿಲಿಂದ ಕೇಳುತ್ತಿದ್ದ, ಯಾವ ಮನೆ, ಏನಾಗಿತ್ತು, ಏನು ಮಾಡಿದೆ. ಹೇಳಿದ್ದಕ್ಕೆ ಹೂಂ ಎನ್ನುತ್ತಿದ್ದ.

ಕಮಲಾಪುರದ ಫೋನು ಬಂದದ್ದು ಮೇ ತಿಂಗಳ ಆರಂಭದಲ್ಲಿ. ಒಬ್ಬ ಹೆಣ್ಣುಮಗಳ ದನಿ. "ಇವತ್ತs ಬರಬೇಕು ನೋಡ್ರಿ. ನಾಳಿಗೆ ಅನಬ್ಯಾಡ್ರಿ." ಎಲ್ಲರೂ ಹಾಗೇ ಹೇಳುತ್ತಾರೆ. ಆದರೆ ಆ ದನಿಯಲ್ಲಿ ಗಡಿಬಿಡಿ ಇರಲಿಲ್ಲ, ಹೆದರಿಕೆ ಇತ್ತು. ನಾನು ಹುಮನಾಬಾದ ಕಡೆಯ ಬಸ್ಸು ಹತ್ತಿದೆ.

ರಸ್ತೆಯಿಂದ ಸ್ವಲ್ಪ ಒಳಗೆ, ಬಾಳೆಯ ತೋಟಕ್ಕೆ ಅಂಟಿದ ಮನೆ. ಕಮಲಾಪುರದ ಕೆಂಪು ಬಾಳೆ ಬೆಳೆಯುವವರು. ಮನೆಯೊಡತಿ ಮಹಾದೇವಿ, ಹಣೆ ತುಂಬ ವಿಭೂತಿ, ಕೈಯಲ್ಲಿ ಒದ್ದೆ ಟವೆಲ್ಲು. ನನ್ನನ್ನು ನೋಡಿ ಅವರು ಮೆಕ್ಯಾನಿಕ್ ಎಲ್ಲಿ ಎಂದು ಕೇಳಲಿಲ್ಲ. ನೇರ ಒಳಕೋಣೆಗೆ ಕರೆದುಕೊಂಡು ಹೋದರು. ಮಂಚದ ಮೇಲೆ ಒಬ್ಬ ಹುಡುಗ, ಹುಡುಗ ಅಂದರೆ ಇಪ್ಪತ್ತೈದು ದಾಟಿದವನು, ಅಂಗಾತ ಮಲಗಿದ್ದ. ಎದೆಯ ಮೇಲೆ, ಕಾಲ ಮೇಲೆ ಒದ್ದೆ ಬಟ್ಟೆಗಳು. ಮುಖ ಕೆಂಪಗಾಗಿತ್ತು. ಆದರೆ ಒಂದು ಹನಿ ಬೆವರಿರಲಿಲ್ಲ. ನನ್ನ ಕುರ್ತಾ ಬೆನ್ನಿಗೆ ಅಂಟಿತ್ತು, ಮಹಾದೇವಿಯವರ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಅವನೊಬ್ಬ ಒಣಗಿದ್ದ.

"ನನ್ನ ಮಗ ಶರಣು," ಎಂದರು ಮಹಾದೇವಿ. "ಬಾಳಿಹಣ್ಣಿನ ಟೆಂಪೊ ಹೊಡೀತಿದ್ದ. ಪಲ್ಟಿ ಆಗಿ ಕುತ್ತಿಗಿ ಮುರೀತು. ಹೆಗಲಿನ ಕೆಳಗ ಏನೂ ಇಲ್ಲ. ಬೆವರೂ ಬರಂಗಿಲ್ಲ ಅವಂಗ. ಕೋಣಿ ಎಷ್ಟು ಕಾಯ್ತದ, ಮೈ ಅಷ್ಟು ಕಾಯ್ತದ. ಡಾಕ್ಟರು ಹೇಳ್ಯಾರ, ಬ್ಯಾಸಗ್ಯಾಗ ಇವ್ನ ಔಷಧ ಅಂದ್ರ ಎಸಿನೇ ಅಂತ."

ಶರಣು ಕಣ್ಣು ತಿರುಗಿಸಿ ನನ್ನ ಚೀಲ ನೋಡಿದ. "ಅಕ್ಕಾರು ಬಂದಾರ. ಚಾ ಕೊಡವ್ವ ಮೊದಲ," ಎಂದ.

ನಾನು ಚಹಾ ಕುಡಿಯಲಿಲ್ಲ. ಹಿತ್ತಲ ಗೋಡೆಗೆ ಏಣಿ ಹಚ್ಚಿ ಹತ್ತಿದೆ. ಕೆಪಾಸಿಟರ್ ಉಬ್ಬಿತ್ತು. ಬದಲಿಸಿದೆ. ವೋಲ್ಟೇಜ್ ನೋಡಿದೆ, ಸರಿಯಿತ್ತು. ಎಸಿಯ ಪಕ್ಕದಲ್ಲಿ ಸ್ಟೆಬಿಲೈಜರ್ ಬಿಚ್ಚಿ ಇಟ್ಟಿದ್ದರು. ಯಾಕೆ ಎಂದು ಕೇಳಿದಾಗ, ಅದು ಪದೇ ಪದೇ ತಾನೇ ಬಂದ್ ಆಗುತ್ತಿತ್ತು, ಮೊದಲಿನ ಮೆಕ್ಯಾನಿಕ್ ಕೆಟ್ಟಿದೆ ಎಂದು ತೆಗೆದು ನೇರ ಜೋಡಿಸಿ ಹೋದ ಎಂದರು. ಎಸಿ ಚಾಲೂ ಆಯಿತು. ಮಹಾದೇವಿ ಮಗನ ಹಣೆಗೆ ಅಂಗೈ ಇಟ್ಟುಕೊಂಡು ಕೋಣೆ ತಣ್ಣಗಾಗುವವರೆಗೆ ತೆಗೆಯಲಿಲ್ಲ.

ವಾರ ಕಳೆಯುವುದರೊಳಗೆ ಮತ್ತೆ ಫೋನು. ಮತ್ತೆ ಅದೇ. ಈ ಸಲ ಬೇರೆ ಕಂಪನಿಯ, ದಪ್ಪ ಡಬ್ಬಿಯ ಕೆಪಾಸಿಟರ್ ತಂದು, ಅಳೆದು, ಹಾಕಿದೆ. ಕಂಪ್ರೆಸರು ಎಳೆಯುವ ಕರೆಂಟು ನೋಡಿದೆ. ಹೊರಗಿನ ಯೂನಿಟ್ಟಿನ ಜಾಲರಿಯ ಧೂಳೆಲ್ಲ ನೀರು ಹೊಡೆದು ತೊಳೆದೆ. ತಪ್ಪೇನೂ ಕಾಣಲಿಲ್ಲ.

ಮಿಲಿಂದ ಮಂಚದ ಮೇಲೆ ಎದ್ದು ಕುಳಿತು ಹೇಳಿದ. "ಕಂಪ್ರೆಸರ್ ಹೋಗ್ಯದ. ಹಳೇದಾದ್ರ ಕೆಪಾಸಿಟರ್ ತಿಂತದ ಅದು. ಬದಲಾಯಿಸ್ರಿ ಅಂತ ಹೇಳು."

"ಕಂಪ್ರೆಸರ್ ಸರಿ ಅದ. ನಾ ನೋಡೀನಿ."

"ಎಷ್ಟು ಕಂಪ್ರೆಸರ್ ನೋಡೀದಿ ನೀನು?"

ಅವನ ಮಾತು ಸುಳ್ಳಲ್ಲ, ನಾನು ನೋಡಿದ್ದು ಕೆಲವನ್ನೇ. ಆದರೆ ಮನಸ್ಸು ಒಪ್ಪಲಿಲ್ಲ. ರೊಟ್ಟಿ ತಟ್ಟುವಾಗ, ಬಸ್ಸಿನಲ್ಲಿ ಕುಳಿತಾಗ ಅದೇ ಯೋಚನೆ. ಬೇರೆ ಯಾವ ಮನೆಯಲ್ಲೂ ನಾನು ಹಾಕಿದ್ದು ಹೀಗೆ ಸಾಯುತ್ತಿಲ್ಲ. ಈ ಮನೆಯಲ್ಲಿ ಏನೋ ಅದನ್ನು ಕೊಲ್ಲುತ್ತಿದೆ. ಕಂಪ್ರೆಸರ್ ಬದಲಿಸಿದರೆ ಆ ಹೊಸದನ್ನೂ ಕೊಲ್ಲುತ್ತದೆ.

ಮೂರನೆಯ ಸಲ ಫೋನು ಬಂದಾಗ ನಾನು ಕಮಲಾಪುರದ ಹಾದಿಯಲ್ಲೇ ಇದ್ದೆ. ಅವರು ಕರೆಯುವ ಮುಂಚೆಯೇ ಒಮ್ಮೆ ನೋಡಿ ಬರೋಣವೆಂದು ಹೊರಟಿದ್ದೆ. ಆ ದಿನದ ಬಿಸಿಲನ್ನು ಹೇಗೆ ಹೇಳಬೇಕೋ ತಿಳಿಯದು. ಬಸ್ಸಿನ ಕಿಟಕಿಯ ಸರಳು ಹಿಡಿಯಲಾಗುತ್ತಿರಲಿಲ್ಲ. ಗಾಳಿ ಬೀಸಿದರೆ ಒಲೆಯ ಬಾಯಿಗೆ ಮುಖ ಒಡ್ಡಿದ ಹಾಗೆ. ಹೊರಗೆ ಕಪ್ಪು ಹೊಲಗಳು ಬಿರುಕು ಬಿಟ್ಟು ಬಿದ್ದಿದ್ದವು, ಒಂದು ದನ ಸಹ ಕಾಣಲಿಲ್ಲ.

ಮನೆ ಮುಟ್ಟಿದಾಗ ಶರಣುವಿನ ಅಪ್ಪ ಒಂದು ಜೀಪು ತಂದು ಬಾಗಿಲಿಗೆ ನಿಲ್ಲಿಸಿದ್ದರು. ಮಾತು ಕಡಿಮೆಯ ಮನುಷ್ಯ. "ಜ್ವರ ನೂರಾ ಒಂದು ಆಗ್ಯದ. ಕಲಬುರಗಿಗೆ ಒಯ್ಯಬೇಕೋ ಏನು ತಿಳೀವಲ್ದು," ಎಂದರು. ಜೀಪಿನ ತಗಡು ಮುಟ್ಟಿ ನೋಡಿದೆ. ಆ ಬಿಸಿಲಿನಲ್ಲಿ ಅದರೊಳಗೆ ಅವನನ್ನು ಮಲಗಿಸಿಕೊಂಡು ನಗರ ಮುಟ್ಟುವವರೆಗೆ ಏನಾಗುತ್ತದೋ ಯಾರಿಗೂ ಗೊತ್ತಿರಲಿಲ್ಲ.

ಏಣಿ ಹತ್ತುವ ಮೊದಲು ಕೋಣೆಗೆ ಹೋದೆ. ಎಸಿ ಬರೇ ಗಾಳಿ ಊದುತ್ತಿತ್ತು. ಶರಣುವಿನ ತುಟಿಗಳು ಒಡೆದಿದ್ದವು. ತಾಯಿ ಚಮಚದಲ್ಲಿ ನೀರು ಹಾಕುತ್ತಿದ್ದರು.

"ಅಕ್ಕಾ," ಎಂದ. ದನಿ ಸಣ್ಣಗಿತ್ತು. "ಒಂದು ಮಾತು ಹೇಳ್ಲೇನು? ನಗಬ್ಯಾಡ್ರಿ."

"ಹೇಳು."

"ಎದುರಿಗೆ ವೆಲ್ಡಿಂಗ್ ಅಂಗಡಿ ಅದಲ್ಲ. ಅವ್ರು ಮಷೀನ್ ಚಾಲೂ ಮಾಡಿದ್ರ ನಮ್ಮ ಫ್ಯಾನ್ ಜೋರ್ ಆಗ್ತದ. ಅವ್ರು ಬಂದ್ ಮಾಡಿದ್ರ ಇದು ಮೆಲ್ಲಕ ಆಗ್ತದ. ದಿನಾ ಇದನ್ನs ನೋಡ್ಕೊತ ಬಿದ್ದಿರ್ತೀನಿ."

"ಏನೇನೋ ಮಾತಾಡಾಕತ್ತಾನ. ತಾಪ ತಲಿಗೆ ಏರ್ಯದ," ಎಂದು ಮಹಾದೇವಿ ಕಣ್ಣೊರೆಸಿಕೊಂಡರು.

ನಾನು ನಗಲಿಲ್ಲ. ಪಕ್ಕದಲ್ಲಿ ವೆಲ್ಡಿಂಗ್ ನಡೆದರೆ ಮನೆಯ ದೀಪ ಮಬ್ಬಾಗಬೇಕು, ಫ್ಯಾನು ನಿಧಾನವಾಗಬೇಕು. ಅದು ಎಲ್ಲ ಕಡೆಯ ಮಾತು. ಜೋರಾಗುತ್ತದೆ ಅಂದರೆ ಕರೆಂಟು ಕಂಬಕ್ಕೆ ಮರಳುವ ನ್ಯೂಟ್ರಲ್ ವೈರು ಎಲ್ಲೋ ಬಿಟ್ಟುಕೊಂಡಿದೆ. ಆ ವೈರು ಸಡಿಲಾದರೆ ಒಂದು ಮನೆ ಕರೆಂಟು ಎಳೆದಾಗ ಇನ್ನೊಂದು ಮನೆಗೆ ಹೆಚ್ಚು ನುಗ್ಗುತ್ತದೆ. ನಾನು ಎರಡೂ ಸಲ ಬಂದದ್ದು ಮಧ್ಯಾಹ್ನ, ವೆಲ್ಡಿಂಗಿನವರು ಊಟಕ್ಕೆ ಹೋಗಿರುವ ಹೊತ್ತು. ಸ್ಟೆಬಿಲೈಜರ್ ಕೆಟ್ಟಿರಲಿಲ್ಲ. ಹೆಚ್ಚಾದಾಗಲೆಲ್ಲ ತಾನು ಬಂದ್ ಆಗಿ ಎಸಿಯನ್ನು ಕಾಯುತ್ತಿತ್ತು.

"ಬಲ್ಬ್ ಭಾಳ ಸುಡ್ತಾವೇನ್ರಿ ನಿಮ್ಮ ಮನ್ಯಾಗ?"

"ವಾರಕ್ಕೊಂದು," ಎಂದರು ಅವನ ಅಪ್ಪ. "ಈಗಿನ ಬಲ್ಬs ಹಂಗ ಅಂತ ಬಿಟ್ಟೀವಿ."

ಮೀಟರಿನ ಕಡ್ಡಿಗಳನ್ನು ಪ್ಲಗ್ಗಿಗೆ ಇಟ್ಟೆ. ಇನ್ನೂರ ಮೂವತ್ತು ವೋಲ್ಟಿನ ಹತ್ತಿರ ತೋರಿಸಬೇಕಾದದ್ದು ಇನ್ನೂರ ನಲವತ್ತೈದು. ನಾನು ನೋಡುತ್ತಿರುವಂತೆಯೇ ಎದುರಿನಿಂದ ವೆಲ್ಡಿಂಗಿನ ಚರಚರ ಸದ್ದು ಕೇಳಿತು, ಅಂಕೆ ಇನ್ನೂರ ಎಂಬತ್ತು ದಾಟಿತು. ತಲೆಯ ಮೇಲಿನ ಫ್ಯಾನು ಬಿರುಸಾಯಿತು. ಶರಣು ಕಣ್ಣಿನಲ್ಲೇ ಅದನ್ನು ತೋರಿಸಿದ.

ನಾನು ಹೋಗಿ ಮನೆಯ ಮೇನ್ ಸ್ವಿಚ್ಚು ಕೆಳಗೆಳೆದೆ.

ಎಸಿಯ ಗಾಳಿಯೂ ನಿಂತಿತು. ಇನ್ವರ್ಟರಿನ ಮೇಲೆ ಫ್ಯಾನು ಮಾತ್ರ ಬಿಸಿ ಗಾಳಿಯನ್ನು ಸುತ್ತಿಸತೊಡಗಿತು. ಮಹಾದೇವಿ ಬಾಗಿಲಿಗೆ ಬಂದು ನಿಂತರು. ಅವರ ಮುಖ ನಾನು ಮರೆತಿಲ್ಲ.

"ನೀ ಚಾಲೂ ಮಾಡಾಕ ಬಂದಿಯೋ, ಬಂದ್ ಮಾಡಾಕ ಬಂದಿಯೋ ತಂಗಿ? ಅಲ್ಲಿ ನನ್ನ ಮಗಾ ಬೇಯಾಕತ್ತಾನ. ನಿನ್ನ ಕೈಯಾಗ ಹೊಸಾ ಡಬ್ಬಿ ಅದ. ಅದನ್ನ ಹಾಕು. ಉಳಿದದ್ದು ನಾಳಿಗೆ ನೋಡಿದ್ರಾಯ್ತು."

ನನ್ನ ಚೀಲದಲ್ಲಿ ಆ ಅಳತೆಯದು ಇದ್ದದ್ದು ಒಂದೇ. ಹಾಕಿದರೆ ಸಂಜೆಯವರೆಗೆ ಬದುಕಬಹುದು, ಗಳಿಗೆಯಲ್ಲಿ ಸಾಯಬಹುದು. ಈ ಸಲ ತಾನೊಂದೇ ಸಾಯದೆ ಕಂಪ್ರೆಸರನ್ನೂ ಸುಡಬಹುದು. ಸುಟ್ಟರೆ ಹೊಸದು ಸಿಗುವುದು ಕಲಬುರಗಿಯಲ್ಲಿ, ಅಷ್ಟರಲ್ಲಿ ಕತ್ತಲು. ಇದನ್ನೆಲ್ಲ ಅವರಿಗೆ ಹೇಳಿದೆ, ಮೊದಲು ಕಂಬದ ವೈರು ಸರಿಯಾಗಬೇಕು, ಲೈನ್‌ಮನ್ನನ್ನು ಕರೆಯಿರಿ ಎಂದೆ. ನಾನು ತಪ್ಪಿದ್ದರೆ ಎಂಬುದು ಬಿಟ್ಟು ಬೇರೇನೂ ತಲೆಯಲ್ಲಿ ಇರಲಿಲ್ಲ.

"ಜೀಪು ಇಲ್ಲೇ ಇರ್ಲಿ," ಎಂದೆ. "ಥರ್ಮಾಮೀಟರ್ ಕೈಯಾಗ ಇಟ್ಕೋರಿ. ನೂರಾ ಮೂರು ಮುಟ್ಟಿದ್ರ ನನ್ನ ಕೇಳಬ್ಯಾಡ್ರಿ, ಒಯ್ದುಬಿಡ್ರಿ. ಅಲ್ಲೀತನಕ ನಂಗ ಟೈಮ್ ಕೊಡ್ರಿ."

ಮಹಾದೇವಿ ಥರ್ಮಾಮೀಟರ್ ತೆಗೆದುಕೊಂಡು ಒಳಗೆ ಹೋದರು. ಶರಣುವಿನ ಅಪ್ಪ ಆಗಲೇ ಫೋನು ತೆಗೆದು ಲೈನ್‌ಮನ್ ಮೌಲಾಲಿಗೆ ಹಚ್ಚಿದ್ದರು. ಆತ ಊರಿನ ಇನ್ನೊಂದು ತುದಿಯಲ್ಲಿ ಕಂಬದ ಮೇಲಿದ್ದ. "ಅರ್ಧಾ ತಾಸಿನ್ಯಾಗ ಬರ್ತೀನಿ ಸಾಹುಕಾರ, ಜರಾ ಸಬೂರ್ ಮಾಡ್ರಿ," ಎಂದ ದನಿ ನನಗೂ ಕೇಳಿತು.

ಆ ಅರ್ಧ ತಾಸು ಎಷ್ಟು ಉದ್ದ ಇತ್ತು ಎಂದು ಈಗಲೂ ನನಗೆ ಹೇಳಲು ಬರುವುದಿಲ್ಲ. ವೆಲ್ಡಿಂಗ್ ಅಂಗಡಿಯವರು ಮಷೀನು ಬಂದ್ ಮಾಡಿ ಬಂದರು. ತಮ್ಮಿಂದಲೇ ಹೀಗಾಯಿತೇನೋ ಎಂದು ಅವರ ಮುಖ ಬಾಡಿತ್ತು. ನಿಮ್ಮ ತಪ್ಪಲ್ಲ, ಕಂಬದ ವೈರಿನದು ಎಂದೆ. ಅವರು ಹೋಗಿ ಸೋಡಾ ಅಂಗಡಿಯಿಂದ ಐಸಿನ ಗಡ್ಡೆಯನ್ನು ಗೋಣಿಚೀಲದಲ್ಲಿ ಸುತ್ತಿ ಹೊತ್ತು ತಂದರು. ಓಣಿಯ ಹೆಣ್ಣುಮಕ್ಕಳು ತಮ್ಮ ತಮ್ಮ ಫ್ರಿಜ್ಜಿನ ನೀರಿನ ಬಾಟಲಿ ತಂದರು. ಐಸು ಕುಟ್ಟಿ ಬಟ್ಟೆಯಲ್ಲಿ ಕಟ್ಟಿ ಕಂಕುಳಿಗೆ, ಕುತ್ತಿಗೆಯ ಬದಿಗೆ ಇಟ್ಟರು. ಅವನಿಗೆ ಮೈಯ ಮೇಲಿನದು ಗೊತ್ತಾಗುತ್ತಿರಲಿಲ್ಲ, ಆದ್ದರಿಂದ ಐಸು ನೇರ ಚರ್ಮಕ್ಕೆ ತಾಗಿ ಸುಡದಂತೆ ತಾಯಿ ನಡುವೆ ಟವೆಲ್ಲು ಮಡಚಿ ಇಡುತ್ತಿದ್ದರು, ನಿಮಿಷಕ್ಕೊಮ್ಮೆ ಎತ್ತಿ ನೋಡುತ್ತಿದ್ದರು. ಜ್ವರ ನೂರಾ ಎರಡಾಯಿತು. ಶರಣು ಮಾತು ನಿಲ್ಲಿಸಿದ. ಅದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

ನಾನು ಹಿತ್ತಲಿಗೆ ಹೋದೆ. ಏಣಿಯ ಮೆಟ್ಟಿಲುಗಳಿಗೆ ಒದ್ದೆ ಗೋಣಿ ಸುತ್ತಿ ಹತ್ತಿದೆ. ಮುಚ್ಚಳ ಬಿಚ್ಚಿದರೆ ಆ ವಾಸನೆ ಮುಖಕ್ಕೆ ಬಡಿಯಿತು. ಕೆಪಾಸಿಟರಿನ ನೆತ್ತಿ ಬಿರಿದು ಎಣ್ಣೆ ತಗಡಿನ ಮೇಲೆ ಹರಿದಿತ್ತು. ಬಲ್ಬಿನ ವೈರು ಹಿಡಿದೆ. ಮಿಣುಕಲಿಲ್ಲ. ಮತ್ತೊಮ್ಮೆ ಹಿಡಿದೆ. ಬೆವರು ಕಣ್ಣಿಗೆ ಇಳಿದು ಮೂತಿಗಳೇ ಕಾಣಲಿಲ್ಲ. ಮಿಲಿಂದ ಬಿದ್ದದ್ದು ಇಂಥದೇ ಗಳಿಗೆಯಲ್ಲಿ. ಬೆರಳಿನ ಹಿಂಬದಿ ಮುಂದೆ ಒಯ್ದೆ, ಹಿಂದೆ ತಂದೆ. ಕೆಳಗೆ ಯಾರೋ "ನೂರಾ ಎರಡೂವರಿ" ಎಂದದ್ದು ಕೇಳಿತು. ಮುಟ್ಟಿದೆ. ಏನೂ ಆಗಲಿಲ್ಲ. ಹಳೆಯದನ್ನು ಕಿತ್ತು ಹೊಸದನ್ನು ಕಟ್ಟಿದೆ.

ಮೌಲಾಲಿ ಬಂದ. ಕಂಬ ನೋಡಿದ, ಓಣಿಗೆಲ್ಲ ಕರೆಂಟು ಬಂದ್ ಮಾಡಿಸಿ ಹತ್ತಿದ. ನಾವೆಲ್ಲ ಕೆಳಗೆ ಕತ್ತೆತ್ತಿ ನಿಂತೆವು. ಮೇಲಿನಿಂದ ಕೂಗಿ ಹೇಳಿದ, "ನ್ಯೂಟ್ರಲ್ ಜಂಪರ್ ಜಲ್ ಗಯಾ ಭಾಯ್. ಬೂದಿ ಆಗ್ಯದ. ಒಂದು ಎಳಿ ಮ್ಯಾಲ ನಿಂತದ." ಕಂಬದ ಮೇಲೆ ಎರಡು ತಂತಿ ಕೂಡಿಸುವ ಆ ತುಂಡು ವೈರು ಯುಗಾದಿಯ ಹೊತ್ತಿಗೆ ಬೀಸಿದ ಬಿರುಗಾಳಿಯಲ್ಲಿ ಸಡಿಲಾಗಿ, ಅಂದಿನಿಂದ ಸ್ವಲ್ಪಸ್ವಲ್ಪವೇ ಸುಡುತ್ತಾ ಬಂದಿರಬೇಕು. ಅವನು ಸುಟ್ಟದ್ದನ್ನು ಕತ್ತರಿಸಿ ಹೊಸ ವೈರು ಬಿಗಿದ. ಇಳಿದವನೇ ನಮ್ಮ ಕೈಯಿಂದ ನೀರು ಇಸಿದುಕೊಂಡು ತಲೆಯ ಮೇಲೆ ಸುರಿದುಕೊಂಡ.

ಕರೆಂಟು ಬಂತು. ಮೀಟರ್ ಇನ್ನೂರ ಇಪ್ಪತ್ತೆಂಟು ತೋರಿಸಿತು. "ಈಗ ನಿಮ್ಮ ಮಷೀನ್ ಚಾಲೂ ಮಾಡ್ರಿ," ಎಂದು ವೆಲ್ಡಿಂಗಿನವರಿಗೆ ಹೇಳಿದೆ. ಅವರು ಒಂದು ಕಬ್ಬಿಣದ ತುಂಡಿಗೆ ಕಿಡಿ ಹಾರಿಸಿದರು. ಅಂಕೆ ಏರಲಿಲ್ಲ, ಸ್ವಲ್ಪ ತಗ್ಗಿ ನಿಂತಿತು. ಆಗ ಎಸಿಯ ಸ್ವಿಚ್ಚು ಹಾಕಿದೆ.

ಹೊರಗಿನ ಫ್ಯಾನು ತಿರುಗಿತು. ಕಂಪ್ರೆಸರು ಸುಮ್ಮನಿತ್ತು.

ಮಹಾದೇವಿ ನನ್ನ ಹಿಂದೆಯೇ ಬಂದು ನಿಂತಿದ್ದರು. ಈ ಸಲ ಬೈಯಲಿಲ್ಲ. ಏಣಿಯ ಕಾಲು ಹಿಡಿದುಕೊಂಡು ನಿಂತರು. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು. ಮಿಲಿಂದನಿಗೆ ಫೋನು ಹಚ್ಚಿದೆ.

"ನ್ಯೂಟ್ರಲ್ ಹೋಗಿತ್ತು. ಸರಿ ಮಾಡಿಸೀನಿ. ಹೊಸಾದು ಹಾಕೀನಿ. ಕಂಪ್ರೆಸರ್ ಏಳವಲ್ದು."

ಅವನು ಏನೂ ವಾದ ಮಾಡಲಿಲ್ಲ. "ಕೈ ಇಟ್ಟು ನೋಡು. ಸುಡ್ತದೇನು?"

"ಇಡಾಕ ಬರಂಗಿಲ್ಲ."

"ಹಂಗಾದ್ರ ಸತ್ತಿಲ್ಲ. ಒಳಗ ಕಾದು ತಾನs ಕಟ್ ಆಗ್ಯದ. ಮೇನ್ ಬಂದ್ ಮಾಡಿ ಮೈಮ್ಯಾಲ ನೀರು ಹಾಕು. ವೈರಿನ ಕಡಿಗೆ ಬೀಳಬಾರ್ದು. ಗಡಿಬಿಡಿ ಮಾಡಬ್ಯಾಡ. ನಾ ಫೋನ್ ಹಿಡದೇ ಇರ್ತೀನಿ."

ಮಹಾದೇವಿ ಕೊಡದಲ್ಲಿ ನೀರು ಎತ್ತಿ ಎತ್ತಿ ಕೊಟ್ಟರು. ನಾನು ಚೊಂಬಿನಿಂದ ಕಂಪ್ರೆಸರಿನ ಬುಡಕ್ಕೆ, ಬದಿಗೆ ಹಾಕಿದೆ. ಮೊದಲು ಹಬೆ ಎದ್ದಿತು. ಆಮೇಲೆ ಬರೇ ನೀರು ಇಳಿಯಿತು. ಅಂಗೈ ಇಡುವಷ್ಟು ತಣ್ಣಗಾಗುವವರೆಗೆ ಹಾಕುತ್ತಲೇ ಇದ್ದೆವು. ಜೇಬಿನಲ್ಲಿದ್ದ ಫೋನಿನೊಳಗಿಂದ ಮಿಲಿಂದನ ಉಸಿರಿನ ಸದ್ದು ಕೇಳುತ್ತಿತ್ತು. ಚೆಲ್ಲಿದ ನೀರೆಲ್ಲ ಒರೆಸಿ, ಒಣಗಿದ್ದು ನೋಡಿ, ಮುಚ್ಚಳ ಹಾಕಿ, ಮೇನ್ ಮೇಲೆತ್ತಿದೆ.

ಒಂದು ಗುಮ್ ಎಂಬ ಸದ್ದು. ಆಮೇಲೆ ಕಂಪ್ರೆಸರು ಹಿಡಿದುಕೊಂಡಿತು, ಗೋಡೆ ಸಣ್ಣಗೆ ಅದುರಿತು. ದಪ್ಪ ಪೈಪಿನ ಮೇಲೆ ಕೈ ಇಟ್ಟುಕೊಂಡು ನಿಂತೆ. ಬಿಸಿಯಿತ್ತು, ಬೆಚ್ಚಗಾಯಿತು, ತಣ್ಣಗಾಯಿತು. ನಾನು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಜೀಪು ಸಂಜೆಯವರೆಗೆ ಬಾಗಿಲಿಗೇ ನಿಂತಿತ್ತು. ಜ್ವರ ಇಳಿದು ನೂರಕ್ಕೆ ಬಂದ ಮೇಲೆ ಶರಣು ಕಣ್ಣು ತೆರೆದು ಫ್ಯಾನು ನೋಡಿದ, ಆಮೇಲೆ ನನ್ನನ್ನು. "ಈಗ ಒಂದs ಹಂಗ ತಿರಗ್ತದ," ಎಂದ. ಅವನ ಅಪ್ಪ ಜೀಪು ತಿರುಗಿಸಿ ಕೊಟ್ಟು ಬಂದರು. ಹೊರಡುವಾಗ ಮಹಾದೇವಿ ಕೆಂಪು ಬಾಳೆಯ ಚಿಪ್ಪೊಂದನ್ನು ನನ್ನ ಚೀಲದಲ್ಲಿ ತುರುಕಿದರು. ನನ್ನ ಎರಡೂ ಕೈಗಳನ್ನು ಹಿಡಿದು, ಕಾದ ತಗಡು ತಾಗಿ ಅಂಗೈಯಲ್ಲಿ ಎದ್ದಿದ್ದ ಬೊಬ್ಬೆ ನೋಡಿ, ಒಳಗೆ ಹೋಗಿ ತುಪ್ಪ ತಂದು ಹಚ್ಚಿದರು.

ಕುಸನೂರಿನಲ್ಲಿ ಬಸ್ಸಿಳಿದಾಗ ಮಿಲಿಂದ ಅಂಗಡಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ. ಬಿದ್ದ ಮೇಲೆ ಮೊದಲ ಸಲ ಮನೆಯಿಂದ ಹೊರಗೆ ಬಂದಿದ್ದ, ಅತ್ತೆ ಓಣಿಯ ಹುಡುಗರಿಂದ ಎತ್ತಿಸಿ ತಂದಿದ್ದರು. ನಾನು ನಡೆದದ್ದೆಲ್ಲ ಹೇಳಿದೆ. ಅವನು ನನ್ನ ಕೈ ನೋಡಿದ, ತನ್ನ ಪ್ಲಾಸ್ಟರಿನ ಕೈ ನೋಡಿಕೊಂಡ.

"ನಾ ಆಗಿದ್ರ ಮೇನ್ ಬಂದ್ ಮಾಡ್ತಿದ್ದಿಲ್ಲ," ಎಂದ. "ಆ ತಾಯಿ ಮುಖಾ ನೋಡಿ ಕೆಪಾಸಿಟರ್ ಹಾಕಿ ಬಂದುಬಿಡ್ತಿದ್ದೆ."

ಆ ಸಂಜೆಯಿಂದ ಅವನು ಏನಾಗಿತ್ತು ಎಂದು ಕೇಳುವುದು ಬಿಟ್ಟು, ಏನು ಅನಿಸಿತು ಎಂದು ಕೇಳತೊಡಗಿದ. ಮಳೆಗಾಲದ ಹೊತ್ತಿಗೆ ನಡೆಯತೊಡಗಿದ. ಏಣಿ ಮಾತ್ರ ಇವತ್ತಿಗೂ ನಾನೇ ಹತ್ತುವುದು, ಅವನ ಹಿಮ್ಮಡಿ ತಾಳುವುದಿಲ್ಲ.

ಮೊದಲ ಮಳೆ ಬಂದು ಎರಡು ಮೂರು ದಿನವಾಗಿತ್ತು. ಸ್ಟೆಬಿಲೈಜರನ್ನು ಮತ್ತೆ ಜೋಡಿಸಿ ಕೊಡುವುದು ಬಾಕಿ ಇತ್ತು, ಕಮಲಾಪುರಕ್ಕೆ ಹೋದೆ. ಮೋಡ ಕವಿದು ಗಾಳಿ ತಂಪಾಗಿತ್ತು. ಮನೆಯ ಬಾಗಿಲು ತೆರೆದೇ ಇತ್ತು. ಒಳಕೋಣೆಯಲ್ಲಿ ಮಂಚ ಖಾಲಿ, ಹಾಸಿಗೆ ಸುತ್ತಿಟ್ಟಿದ್ದರು, ಎಸಿ ಬಂದ್ ಆಗಿತ್ತು. ಶರಣುವಿನ ಹೆಸರು ಹಿಡಿದು ಕೂಗಿದೆ.

"ಇಲ್ಲೇ ಅದೀವಿ ತಂಗಿ," ಎಂದು ಹಿತ್ತಲಿನಿಂದ ಮಹಾದೇವಿಯವರ ದನಿ ಬಂತು.

ಬಾಳೆಯ ಗಿಡಗಳ ಅಂಚಿಗೆ ಗಾಲಿಕುರ್ಚಿ ನಿಲ್ಲಿಸಿದ್ದರು. ಶರಣುವನ್ನು ಎದೆಗೆ ಪಟ್ಟಿ ಕಟ್ಟಿ ಕೂರಿಸಿ, ತೊಡೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ್ದರು. ತುಂತುರು ಬೀಳುತ್ತಿತ್ತು. ಅಗಲವಾದ ಎಲೆಗಳ ಮೇಲೆ ಅದರ ಸದ್ದು. ತಾಯಿ ಸೆರಗು ತಲೆಗೆ ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದರು.

"ಫೆಬ್ರುವರಿಯಿಂದ ಆ ಕೋಣಿ ಬಿಟ್ಟು ಹೊರಗ ಬಂದಿದ್ದಿಲ್ಲ," ಎಂದರು. "ಸಾಕು ಒಳಗ ನಡಿ ಅಂದ್ರ ಕೇಳವಲ್ಲ."

ನಾನು ಕೇಳಿದೆ, "ಎಸಿ ಚಾಲೂ ಮಾಡಿ ನೋಡ್ಲೇನು ಶರಣು?"

"ಬ್ಯಾಡ್ರಿ ಅಕ್ಕಾ. ಇವತ್ತು ಬಂದ್ ಇರ್ಲಿ."

ಅವನು ತಲೆ ಹಿಂದಕ್ಕೆ ಒರಗಿಸಿ ಮುಖವನ್ನು ಮಳೆಗೆ ಒಡ್ಡಿದ್ದ. ಹನಿಗಳು ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಕುತ್ತಿಗೆಗೆ ಇಳಿಯುತ್ತಿದ್ದವು. ಅಂಗಿಯ ಎದೆಯೆಲ್ಲ ಒದ್ದೆಯಾಗಿತ್ತು.

"ಮುಖಕ್ಕಷ್ಟ ಗೊತ್ತಾಗ್ತದ," ಎಂದ. ಕಣ್ಣು ಮುಚ್ಚಿಕೊಂಡ. "ಅಷ್ಟs ಸಾಕು."